ಚಿಕ್ಕಪ್ಪ ಭಾಷೆ ಬದಲಿಸಿದ್ದು

ನಮ್ಮ ಚಿಕ್ಕಪ್ಪ ಮನೆಗೆ ಬಂದರೆ ಕಾಫಿ ಕೊಡಿ, ಬಾಳೆಹಣ್ಣು ಕೊಡಿ, ಕಂಪ್ಯೂಟರ್ ಮಾತ್ರ ಕೊಡಬೇಡಿ! ಅವರು ಎದ್ದುಹೋದ ಮೇಲೆ ನಿಮ್ಮ ಬ್ರೌಸರ್ ನಿಮ್ಮೊಡನೆ ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ವ್ಯವಹರಿಸುತ್ತಿರುತ್ತದೆ. ಅದನ್ನು ಹಿಂದಕ್ಕೆ ತಿರುಗಿಸಲು ಎಲ್ಲಿ ಒತ್ತಬೇಕೆಂದು ಕನ್ನಡದಲ್ಲಿ ಓದಿ ತಿಳಿಯುವಷ್ಟು ಕನ್ನಡಿಗರು ನಾವೆಲ್ಲಿದ್ದೇವೆ?

ಸಾಲಿಗ್ರಾಮದ ಹೆದ್ದಾರಿ ಬದಿಯಲ್ಲಿ ಅವರದು ಮದುವೆ ಕಾಗದ, ಬೊಜ್ಜದ ಕಾಗದ ಟೈಪು ಮಾಡಿಕೊಡುವ ಅಂಗಡಿ. ಮದುವೆ ಕಾಗದದ ತಪ್ಪನ್ನು ಜನ ನಕ್ಕು ಮರೆಯುತ್ತಾರೆ, ಸತ್ತವರ ಕಾಗದದ ತಪ್ಪನ್ನು ಮೂರು ತಲೆಮಾರು ನೆನಪಿಡುತ್ತಾರೆ ಎಂಬುದು ಅವರ ಸಿದ್ಧಾಂತ. ಅವರ ಈ ತಪ್ಪು ಹಿಡಿಯುವ ಕಣ್ಣು ನೋಡಿ, ಎರಡು ಸಾವಿರದ ಹನ್ನೆರಡರ ಸುಮಾರಿಗೆ ಪರಿಚಯದವರೊಬ್ಬರು ಒಂದು ದೊಡ್ಡ ಆಸ್ಪತ್ರೆಯ ವೆಬ್‌ಸೈಟಿನ ಕನ್ನಡವನ್ನು ಪರೀಕ್ಷಿಸುವ ಕೆಲಸ ಕೊಟ್ಟರು. ಬ್ರೌಸರಿನ ಭಾಷೆ ಬದಲಿಸಬೇಕು, ಪುಟಗಳೆಲ್ಲ ಕನ್ನಡಕ್ಕೆ ಬಂದವೋ ನೋಡಬೇಕು, ಬಾರದ್ದನ್ನು ಬರೆದು ಕಳಿಸಬೇಕು. ಇಷ್ಟೇ.

ಚಿಕ್ಕಪ್ಪನಿಗೆ ಇಷ್ಟೇ ಎಂಬುದುಂಟೇ? ಕುಂದಾಪುರದ ಸೈಬರ್ ಕೆಫೆಗೆ ಹೋಗಿ ಆರು ಕಂಪ್ಯೂಟರುಗಳ ಭಾಷೆಯನ್ನೂ ಬದಲಿಸಿದರು. ಪಾಪ, ಅವುಗಳಲ್ಲಿ ಕನ್ನಡ ಅಕ್ಷರಗಳೇ ಇರಲಿಲ್ಲ. ಪರದೆಯ ತುಂಬ ಬರೀ ಚೌಕಗಳು!

"ಹ್ವಾಯ್, ಎಂತ ಮಾಡಿದ್ರಿ ಮಾರಾಯ್ರೆ?" ಎಂದು ಮಾಲೀಕ ಕೂಗಿದ.

"ತಪ್ಪು ಹುಡ್ಕಿದೆ. ಆರು ಸಿಕ್ತ್," ಎಂದರು ಚಿಕ್ಕಪ್ಪ. ಆಮೇಲೆ ಆ ಮೆಟ್ಟಿಲು ಹತ್ತಲು ಅವರಿಗೆ ಅಪ್ಪಣೆ ಇರಲಿಲ್ಲ.

ಅವರ ಕೊನೆಯ ಪರೀಕ್ಷೆ ನಡೆಯುತ್ತಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ. ನಾಲ್ಕನೇ ತರಗತಿ ಓದಿದ ಚಿಕ್ಕಮ್ಮ ಬಂಗಡೆ ಮೀನು ಹೆಚ್ಚಿ, ಕೈ ತೊಳೆದು ಬಂದು ಒಂದೊಂದು ಪುಟವನ್ನೂ ಗಟ್ಟಿಯಾಗಿ ಓದಬೇಕು. ಅವಳಿಗೆ ಅರ್ಥವಾಗದ್ದು ಚಿಕ್ಕಪ್ಪನ ಪಟ್ಟಿಯಲ್ಲಿ ತಪ್ಪು! ಒಂದು ಪುಟದಲ್ಲಿ ಮುಂದೆ ಹೋಗುವ ಗುಂಡಿ ಇತ್ತು, ಹಿಂದೆ ಬರುವುದು ಇರಲಿಲ್ಲ.

"ಒಳ್ಗೆ ಹೋಪುಕೆ ದಾರಿ ಇತ್ತ್, ಹೊರ್ಗೆ ಬಪ್ಪುಕಿಲ್ಲ. ಆಸ್ಪತ್ರಿ ಅಂದ್ರೆ ಹಾಂಗೇ ಅಲ್ದಾ?" ಎಂದಳು ಚಿಕ್ಕಮ್ಮ. ಚಿಕ್ಕಪ್ಪ ಅದನ್ನೂ ಬರೆದುಕೊಂಡರು.

ಮರುವರ್ಷ ಆ ಆಸ್ಪತ್ರೆಯ ಒಳಗೆ ಹೋದವಳು ಅವಳೇ. ಹೊಟ್ಟೆಯ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶವೂ ಮುಂದಿನ ಚಿಕಿತ್ಸೆಯ ವಿವರವೂ ವೆಬ್‌ಸೈಟಿನಲ್ಲಿ, ನಾವು ಆರಿಸಿದ ಭಾಷೆಯಲ್ಲಿ ಬರುತ್ತದೆ ಎಂದರು. ಚಿಕ್ಕಪ್ಪ ಒಬ್ಬರೇ ಕೂತು ಓದಿದರು. ಆಮೇಲೆ ಮನೆಯ ಕಂಪ್ಯೂಟರನ್ನು ಜೀವನದಲ್ಲಿ ಮೊದಲ ಸಲ ಇಂಗ್ಲಿಷಿಗೆ ತಿರುಗಿಸಿದರು.

"ಕನ್ನಡ ಬತ್ತಾ ಇಲ್ಲ, ಸರಿ ಮಾಡ್ತಾ ಇದ್ರಂತೆ. ಎಂತ ಇಲ್ಲ, ಬರೀ ಹುಣ್ಣ್," ಎಂದು ಅವಳಿಗೆ ಹೇಳಿದರು. ನನಗೆ ಮಾತ್ರ ನಿಜ ಹೇಳಿ, ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡರು. ನಾನು ಹಾಕಿದೆ. ಶಿರೂರಿನಲ್ಲಿ ಹಾಸಿಗೆ ಹಿಡಿದಿದ್ದ ತಾಯಿಯನ್ನು ನೋಡಿ ಬರುತ್ತೇನೆಂದು ಚಿಕ್ಕಮ್ಮ ಕೇಳುತ್ತಲೇ ಇದ್ದಳು. ಹುಣ್ಣು ವಾಸಿಯಾದ ಮೇಲೆ ಹೋದರಾಯಿತು ಎಂದು ನಾವಿಬ್ಬರೂ ಹೇಳುತ್ತಲೇ ಇದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ ಚಿಕ್ಕಪ್ಪ ಊಟಕ್ಕೆ ಕೂತಿದ್ದಾಗ ಅವಳು ನನ್ನನ್ನು ಹಿತ್ತಿಲಿಗೆ ಕರೆದಳು.

"ಮಗಾ, ಉಪಶಮನ ಚಿಕಿತ್ಸೆ ಅಂದ್ರೆ ಎಂತ?"

"ಎಲ್ ಓದಿದೆ ಚಿಕ್ಕಮ್ಮಾ?"

"ಭಾಷಿ ಬದಲ್ಸುದ್ ಅವ್ರೊಬ್ರಿಗೇ ಬತ್ತ್ ಅಂದ್ಕಂಡ್ಯಾ? ಒಂದ್ ವರ್ಷ ಹತ್ರ ಕೂಕಂಡ್ ಕಂಡಿದ್ದೆ. ಓದಿ, ವಾಪಾಸ್ ಇಂಗ್ಲಿಷ್ ಮಾಡಿ ಇಟ್ಟಿದ್ದೆ. ಅದೊಂದ್ ಮಾತ್ ಅರ್ಥ ಆಯ್ಲ, ಹೇಳ್."

"ನೋವು ಕಮ್ಮಿ ಮಾಡುದು."

"ಗುಣ ಮಾಡುದಲ್ಲ?"

"ಅಲ್ಲ," ಎಂದೆ. ಹಾಕಿದ ಆಣೆ ಅಲ್ಲಿಗೆ ಮುಗಿಯಿತು.

ಅವಳು ತೆಂಗಿನ ಬುಡದಲ್ಲಿ ಬಿದ್ದಿದ್ದ ಗರಿಯನ್ನು ಎಳೆದು ಬದಿಗೆ ಹಾಕಿದಳು. "ನಾಳೆ ನನ್ನ ಶಿರೂರಿಗೆ ಕರ್ಕಂಡ್ ಹೋಗ್. ಅವ್ರಿಗೆ ಮಾತ್ರ ಹೇಳ್ಬೇಡ. ನಂಗೆ ಗೊತ್ತಿಲ್ಲ ಅಂದ್ಕಂಡೇ ಅವ್ರ್ ಎರಡ್ ತುತ್ತ್ ಉಂಬುದ್."

ನಾನು ಒಳಗೆ ಹೋದೆ. ಚಿಕ್ಕಪ್ಪ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, "ಅವ್ಳಿಗೆಂತಾರೂ ಗೊತ್ತಾಯ್ತಾ?" ಎಂದು ಪಿಸುಗುಟ್ಟಿದರು.

"ಇಲ್ಲ ಚಿಕ್ಕಪ್ಪಾ," ಎಂದೆ.

ಅವರು ಆ ತುತ್ತನ್ನು ಉಂಡರು.