ಕಾಲ್ಬೆರಳಿನ ಪರೀಕ್ಷೆ

ಟಪ್.

ಫಿಂಟನ್ ಕಣ್ಣು ಬಿಟ್ಟ. ಮನೆಯೆಲ್ಲ ನಿಶ್ಶಬ್ದವಾಗಿತ್ತು. ಕಡಲು ಕೂಡ ಮಗ್ಗುಲು ಬದಲಿಸಿ ಮಲಗಿದಂತಿತ್ತು. ಸ್ವಲ್ಪ ಹೊತ್ತಿಗೆ ಮಹಡಿಯಿಂದ ಮತ್ತೆ ಕೇಳಿಸಿತು, ಟಪ್.

"ನಲ್ಲಿ," ಅಂದಳು ಪಕ್ಕದಲ್ಲಿದ್ದ ಹೆಂಡತಿ ಬಾರ್ಬ್ರ, ಕಣ್ಣು ಮುಚ್ಚಿಕೊಂಡೇ. "ಹುಡುಗಿಯರ ಕೋಣೇದು. ಸರಿ ಮಾಡಿದೆ ಅಂದಿದ್ದೆಯಲ್ಲ?"

"ನಾನು ಸರಿ ಮಾಡಿದ್ದೆ. ಅದು ಒಪ್ಪಿಕೊಂಡಿಲ್ಲ."

ಎದ್ದು ಹೋದ. ದೀಪ ಹಾಕಲಿಲ್ಲ. ತನ್ನದೇ ಮನೆ, ತಾನೇ ಹತ್ತಿದ ಮೆಟ್ಟಿಲು, ದೀಪ ಯಾಕೆ ಎಂಬ ಧೈರ್ಯ. ಆದರೆ ಆ ಕೋಣೆಯಲ್ಲಿ ಹಿಂದಿನ ದಿನವಷ್ಟೇ ತಾನೇ ಕೈಯಾರೆ ಜೋಡಿಸಿದ ಮೂರು ಅಂತಸ್ತಿನ ಮಂಚಗಳಿದ್ದವು. ಮೇಲಿನ ಮಂಚದ ಕಬ್ಬಿಣದ ಪಟ್ಟಿ ಹಣೆಗೆ ಬಡಿಯಿತು. ತತ್ತರಿಸಿ ಹಿಂದೆ ಸರಿದರೆ ಕೆಳಗಿನ ಮಂಚದ ಕಾಲು ಹೆಬ್ಬೆರಳನ್ನು ಹಿಡಿಯಿತು.

ಆಗ ಫಿಂಟನ್‌ನ ಬಾಯಿಂದ ಒಂದು ಮಾತು ಹೊರಬಿತ್ತು. ಅದನ್ನು ಇಲ್ಲಿ ಬರೆಯುವಂತಿಲ್ಲ. ಅವನು ಹುಟ್ಟಿ ಬೆಳೆದ ಡಬ್ಲಿನ್ನಿನಲ್ಲಿ ಬಸ್ಸು ತಪ್ಪಿಸಿಕೊಂಡವರು, ಚಹಾ ಚೆಲ್ಲಿಕೊಂಡವರು, ಬಹಳ ದಿನಕ್ಕೆ ಗೆಳೆಯನನ್ನು ಕಂಡವರು ಎಲ್ಲರೂ ಅದನ್ನೇ ಬಳಸುತ್ತಾರೆ.

ಬಾಗಿಲಲ್ಲಿ ದೀಪ ಹೊತ್ತಿತು. ಬಾರ್ಬ್ರ ಅವನ ಹಣೆಯನ್ನೂ ನೋಡಲಿಲ್ಲ, ಬೆರಳನ್ನೂ ನೋಡಲಿಲ್ಲ.

"ಇಂಗ್ಲಿಷು!" ಅಂದಳು. ಈ ದೇಶದಲ್ಲಿ ಹಾವಿಲ್ಲ. ಇದ್ದಿದ್ದರೆ ಅದನ್ನು ಕಂಡಾಗಲೂ ಅವಳು ಅಷ್ಟು ಹೆದರುತ್ತಿರಲಿಲ್ಲ.

ಹೆದರಿದ್ದರಲ್ಲಿ ತಪ್ಪೂ ಇರಲಿಲ್ಲ. ಮರುದಿನವೇ ಬೇಸಿಗೆ ಶಾಲೆಯ ತಪಾಸಣೆ. ಜೂನ್ ಬಂತೆಂದರೆ ಪಟ್ಟಣದ ಮಕ್ಕಳು ಬಸ್ಸುಗಟ್ಟಲೆ ಆ ಕಡಲತೀರದ ಊರಿಗೆ ಬಂದು, ಮನೆಮನೆಗಳಲ್ಲಿ ಉಳಿದು, ಐರಿಷ್ ಕಲಿಯುತ್ತಿದ್ದರು. ಹಾಡು, ಕುಣಿತ, ಕತೆ, ಜಗಳ ಎಲ್ಲವೂ ಐರಿಷಿನಲ್ಲೇ. ಇಂಗ್ಲಿಷ್ ಆಡಿದ ಮಗು ಮರುದಿನದ ಬಸ್ಸಿಗೆ ವಾಪಸು. ಇಂಗ್ಲಿಷ್ ಆಡಿದ ಮನೆ ಪಟ್ಟಿಯಿಂದಲೇ ಹೊರಗೆ. ಬಾರ್ಬ್ರಳ ಅಮ್ಮ ಮೂವತ್ತು ಬೇಸಿಗೆ ಆ ಮನೆಯನ್ನು ಹುಡುಗಿಯರಿಂದ ತುಂಬಿಸಿದ್ದಳು. ಅವಳು ಹೋದ ಮೇಲೆ ಎರಡು ವರ್ಷ ಮಹಡಿಯ ಕೋಣೆಗಳು ಬೀಗ ಹಾಕಿಕೊಂಡಿದ್ದವು. ಈ ಸಲ ಅವರ ಮನೆಯಿದ್ದ ದಿಬ್ಬದಲ್ಲಿ ಇನ್ನೊಂದೇ ಮನೆಗೆ ಪಟ್ಟಿಯಲ್ಲಿ ಜಾಗ. ಕೇಳಿದವರು ಇಬ್ಬರು: ಬಾರ್ಬ್ರ, ಮತ್ತೆ ಪಕ್ಕದ ಮನೆಯ ನೂಲಾ.

ತಪಾಸಣೆಗೆ ಬರುವ ಮುರಿನ್ ಮೇಡಂ ವ್ಯಾಕರಣ ಕೇಳುವವಳಲ್ಲ. "ವ್ಯಾಕರಣ ಯಾರು ಬೇಕಾದರೂ ಕಲೀತಾರೆ. ಕಾಲ್ಬೆರಳು ಎಡವಿದಾಗ ಬಾಯಿಂದ ಏನು ಬರುತ್ತೋ ಅದೇ ಮನೆಭಾಷೆ" ಎನ್ನುವುದು ಅವಳ ಸಿದ್ಧಾಂತ. ಒಂದು ಮನೆಯಲ್ಲಿ ಬೆನ್ನ ಹಿಂದೆ ಬಾಣಲೆಯ ಮುಚ್ಚಳ ಬಡಿದಿದ್ದಳು. ಇನ್ನೊಂದರಲ್ಲಿ ಎಂಬತ್ತರ ಮುದುಕನ ಪಾದ ತುಳಿದಿದ್ದಳು. ಆತ ಅಚ್ಚ ಐರಿಷಿನಲ್ಲಿ ಏಳು ಮಂದಿ ಸಂತರನ್ನು ಕರೆದ. ಆ ಮನೆಗೆ ಹನ್ನೆರಡು ಮಕ್ಕಳು ಸಿಕ್ಕಿದರು.

ಫಿಂಟನ್ ಕೂಡ ಡಬ್ಲಿನ್ನಿನ ಶಾಲೆಯಲ್ಲಿ ಹದಿನಾಲ್ಕು ವರ್ಷ ಐರಿಷ್ ಕಲಿತಿದ್ದ. ಉಳಿದದ್ದು ಒಂದೇ ವಾಕ್ಯ: "ಮೇಷ್ಟ್ರೇ, ಶೌಚಾಲಯಕ್ಕೆ ಹೋಗಲು ನನಗೆ ಅಪ್ಪಣೆ ಇದೆಯೇ?" ಬೇಕಾದದ್ದೂ ಅದೊಂದೇ. ಮದುವೆಯಾಗಿ ಈ ಊರಿಗೆ ಬಂದು ನಾಲ್ಕು ವರ್ಷದಲ್ಲಿ ಕಿವಿಗೆ ಎಲ್ಲ ಹತ್ತಿತ್ತು, ನಾಲಿಗೆಗೆ ಏನೂ ಹತ್ತಿರಲಿಲ್ಲ. ಕುರಿ ದೊಡ್ಡಿಯ ಬಾಗಿಲನ್ನು ಗುರುತಿಸುತ್ತದೆ, ತೆರೆಯಲು ಬರುವುದಿಲ್ಲ, ಹಾಗೆ. ಬಾರ್ಬ್ರ ಐರಿಷಿನಲ್ಲಿ ಕೇಳಿದ್ದಕ್ಕೆ ಅವನು ಮನೆಯೊಳಗೆ ಮೆಲ್ಲಗೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ.

"ನಾಳೆ ನೀನು ಬಾಯೇ ಬಿಡಬಾರದು," ಅಂದಳು ಬಾರ್ಬ್ರ. "ನಿನಗೆ ಗಂಟಲು ಕಟ್ಟಿದೆ."

"ಯಾವಾಗಿಂದ?"

"ಈಗಿಂದ."

ಬೆಳಗ್ಗೆ ಎಂಟಕ್ಕೇ ನೂಲಾ ಬಂದಳು. ಕೇಕಿನ ತಟ್ಟೆ ಬೇಕಿತ್ತಂತೆ. ಹಿಂದೆಯೇ ಅವಳ ಗಂಡು ಹೆಬ್ಬಾತು. ಎದೆ ಮುಂದೆ ಮಾಡಿ, ಎಲ್ಲರನ್ನೂ ಪಾಪಿಗಳಂತೆ ನೋಡುತ್ತ ನಡೆಯುತ್ತಿದ್ದ ಅದಕ್ಕೆ ಊರವರು ಬಿಷಪ್ ಎಂದು ಹೆಸರಿಟ್ಟಿದ್ದರು.

"ಏನಪ್ಪಾ ಫಿಂಟನ್, ಮಳೆ ಬರೋ ಹಾಗಿದೆಯಾ?"

ಫಿಂಟನ್ ಗಂಟಲು ಮುಟ್ಟಿ ತೋರಿಸಿದ.

"ಅವನಿಗೆ ಗಂಟಲು ಕಟ್ಟಿದೆ ನೂಲಾ. ಒಂದು ಸೊಲ್ಲೂ ಹೊರಡ್ತಿಲ್ಲ," ಅಂದಳು ಬಾರ್ಬ್ರ.

"ಅಯ್ಯೋ ಪಾಪ! ನಿನ್ನೆ ಸಾಯಂಕಾಲ ನಮ್ಮ ಬಿಷಪ್‌ಗೆ ಬೈತಾ ಇದ್ದಾಗ ಚೆನ್ನಾಗೇ ಇತ್ತಲ್ಲ?"

"ಬೈದೂ ಬೈದೂ ಕಟ್ಟಿದ್ದು."

ನೂಲಾ ತಟ್ಟೆಯನ್ನು ಅಲ್ಲೇ ಬಿಟ್ಟು ಹೋದಳು. ಹತ್ತು ಗಂಟೆಯೊಳಗೆ ಇಡೀ ದಿಬ್ಬವೇ ಫಿಂಟನ್‌ನ ಗಂಟಲಿನ ಸುತ್ತ ಸೇರಿತ್ತು. ಮೊದಲು ಬಂದವನು ಮಾರ್ಟೀನ್ ಅಜ್ಜ, ಡಬ್ಬಿಯಲ್ಲಿ ಹೆಬ್ಬಾತಿನ ಕೊಬ್ಬು ಹಿಡಿದುಕೊಂಡು. ಕತ್ತಿಗೆಲ್ಲ ಬಳಿದ. ಬಾಗಿಲಲ್ಲಿ ನಿಂತಿದ್ದ ಬಿಷಪ್ ಒಮ್ಮೆ ಮೂಸಿ ನೋಡಿ ಫಿಂಟನ್‌ನನ್ನು ದಿಟ್ಟಿಸಿತು. ಯಾವ ಬಂಧುವಿನ ವಾಸನೆ ಬಂತೋ ಏನೋ, ಆ ನೋಟದಲ್ಲಿ ಕ್ಷಮೆ ಇರಲಿಲ್ಲ.

ಆಮೇಲೆ ಕಾಯ್ಟ್ ಅಜ್ಜಿ ಕಡಲಪಾಚಿಯನ್ನು ಹಾಲಿನಲ್ಲಿ ಬೇಯಿಸಿ ತಂದಳು. ಕುಡಿದರೆ ಅರ್ಧ ಗಂಟಲಲ್ಲಿ, ಅರ್ಧ ಬಟ್ಟಲಲ್ಲಿ, ನಡುವೆ ಒಂದು ಹಗ್ಗ.

"ನುಂಗು ಮಗಾ, ಅಗೀಬೇಡ. ಅಗಿದ್ರೆ ಅದಕ್ಕೆ ಸಿಟ್ಟು ಬರುತ್ತೆ."

ಕಡೆಗೆ ನೂಲಾ ಮತ್ತೆ ಬಂದಳು, ಗಂಡನ ಉಣ್ಣೆಯ ಕಾಲುಚೀಲದಲ್ಲಿ ಹಬೆಯಾಡುವ ಆಲೂಗಡ್ಡೆ ತುಂಬಿಕೊಂಡು.

"ಒಗೆದದ್ದೇನೇ ಅದು?" ಅಂದಳು ಬಾರ್ಬ್ರ.

"ಒಗೆದ್ರೆ ಔಷಧದ ಗುಣ ಹೋಗುತ್ತೆ." ನೂಲಾ ಅದನ್ನು ಅವನ ಕತ್ತಿಗೆ ಬಿಗಿದು ಕಟ್ಟಿ, ಕಿವಿಯನ್ನು ಅವನ ಬಾಯಿಯ ಹತ್ತಿರ ತಂದಳು. "ಸುಡ್ತಾ ಇದೆಯಾ ಫಿಂಟನ್? ಒಂದೇ ಒಂದು ಮಾತು ಹೇಳಪ್ಪಾ, ತಕ್ಷಣ ಬಿಚ್ತೀನಿ. ಯಾವ ಭಾಷೇಲಿ ಹೇಳಿದ್ರೂ ಸರಿ."

ಫಿಂಟನ್‌ನ ಕಣ್ಣಲ್ಲಿ ನೀರು ತುಂಬಿತು. ಬೇಯಿಸಿದ್ದ ಆಲೂಗಡ್ಡೆ ಈಗ ಅವನನ್ನು ಬೇಯಿಸುತ್ತಿತ್ತು. ಆದರೂ ತಲೆ ಅಲ್ಲಾಡಿಸಿದ.

"ಗಟ್ಟಿ ಮನುಷ್ಯ," ಅಂದಳು ನೂಲಾ, ಹೊಗಳಿದಂತೆ ಅಲ್ಲ. ಅವಳು ಎದ್ದು ಹೊರಟಾಗ ಬಿಷಪ್ ಮಾತ್ರ ಒಂದು ನಿಮಿಷ ತಡಮಾಡಿ, ಅವನ ಮೀನಖಂಡವನ್ನು ಕೊಕ್ಕಿನಲ್ಲಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿ ಹೋಯಿತು. ಫಿಂಟನ್ ತನ್ನ ಟೋಪಿಯನ್ನು ತೆಗೆದು ಕಚ್ಚಿಕೊಂಡ. ಟೋಪಿಯಲ್ಲಿ ಇಂದಿಗೂ ನಾಲ್ಕು ಹಲ್ಲಿನ ಗುರುತಿದೆ.

ಮೂರು ಗಂಟೆಗೆ ಮುರಿನ್ ಮೇಡಂ ಬಂದಳು. ಕುಳ್ಳಗೆ, ಬೂದು ಕೋಟು, ಕೈಯಲ್ಲಿ ಇಟ್ಟಿಗೆ ತುಂಬಿದಂಥ ಚೀಲ. ಮಂಚ ನೋಡಿದಳು, ಕಂಬಳಿ ಎತ್ತಿ ನೋಡಿದಳು, ನಲ್ಲಿಯ ಕೆಳಗೆ ಇಟ್ಟಿದ್ದ ಬಟ್ಟಲನ್ನೂ ನೋಡಿ ಏನೂ ಅನ್ನಲಿಲ್ಲ. ಅಡುಗೆಮನೆಯಲ್ಲಿ ಕೂತು ಬೆಣ್ಣೆ ಹಚ್ಚಿದ ಬ್ರೆಡ್ಡು ತಿಂದು, ಫಿಂಟನ್ ಕಡೆ ತಿರುಗಿದಳು.

"ಮನೆ ತುಂಬ ಹುಡುಗಿಯರಿದ್ದರೆ ನಿಮಗೆ ತೊಂದರೆ ಆಗುತ್ತದೆಯೇ?"

ಅವನು ತಲೆ ಅಲ್ಲಾಡಿಸಿದ.

ಐರಿಷಿನಲ್ಲಿ ಹೌದು ಎಂಬ ಮಾತೂ ಇಲ್ಲ, ಅಲ್ಲ ಎಂಬ ಮಾತೂ ಇಲ್ಲ. ಉಂಡೆಯಾ ಅಂದರೆ ಉಂಡೆ ಅನ್ನಬೇಕು, ಇಲ್ಲವೇ ಉಣ್ಣಲಿಲ್ಲ ಅನ್ನಬೇಕು. ಬರೀ ತಲೆ ಅಲ್ಲಿ ನಡೆಯುವುದಿಲ್ಲ.

"ಆಗುತ್ತದೆಯೋ, ಆಗುವುದಿಲ್ಲವೋ?" ಅಂದಳು ಮೇಡಂ. "ತಲೆ ಅಲ್ಲಾಡಿಸಿದರೆ ಕ್ರಿಯಾಪದ ಎಲ್ಲಿ?"

"ಗಂಟಲು ಕಟ್ಟಿದೆ ಮೇಡಂ," ಅಂದಳು ಬಾರ್ಬ್ರ. "ಕ್ರಿಯಾಪದ ಮನಸ್ಸಿನಲ್ಲಿ ಇಟ್ಕೊಂಡೇ ಅಲ್ಲಾಡಿಸ್ತಾನೆ."

"ಓಹೋ," ಅಂದಳು ಮೇಡಂ. ಎದ್ದಳು. ಚೀಲ ಅವಳ ಕೈಯಿಂದ ಜಾರಿತು, ಅಥವಾ ಜಾರಿದಂತೆ ಕಂಡಿತು. ಬಿದ್ದದ್ದು ಸರಿಯಾಗಿ ಫಿಂಟನ್‌ನ ಬಲಗಾಲಿನ ಹೆಬ್ಬೆರಳ ಮೇಲೆ, ರಾತ್ರಿ ಮಂಚಕ್ಕೆ ತಗುಲಿದ್ದ ಅದೇ ಬೆರಳು.

ಮಾತು ಹೊಟ್ಟೆಯಿಂದ ಹೊರಟಿತು. ಎದೆಗೆ ಬಂತು, ಗಂಟಲಿಗೆ ಬಂತು, ಹಲ್ಲಿನ ಹಿಂದೆ ಬಂದು ಬಾಗಿಲು ಬಡಿಯಿತು. ಬಾರ್ಬ್ರ ತಾನು ಉಟ್ಟಿದ್ದ ಅಮ್ಮನ ಏಪ್ರನ್ನಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಫಿಂಟನ್ ಆ ಕೈಗಳನ್ನು ನೋಡಿದ, ತುಟಿ ಬಿಗಿದ. ಮೂಗಿನಿಂದ ಒಂದಿಷ್ಟು ಗಾಳಿ ಬಂತು, ಅಷ್ಟೇ. ಗಾಳಿಗೆ ಯಾವ ಭಾಷೆ?

ಮೇಡಂ ಬಹಳ ಹೊತ್ತು ಕಿವಿಗೊಟ್ಟು ನಿಂತು, ಪುಸ್ತಕದಲ್ಲಿ ಏನೋ ಬರೆದಳು.

"ಪರೀಕ್ಷೆ ಪೂರ್ತಿಯಾಗಲಿಲ್ಲ. ಒಂದು ಮಾತೂ ಕೇಳದೆ ನಾನು ಮನೆಗೆ ಒಪ್ಪಿಗೆ ಕೊಟ್ಟದ್ದೇ ಇಲ್ಲ. ಕಡಲ ಕಡೆ ಸ್ವಲ್ಪ ನಡೆದು ಬರುತ್ತೇನೆ. ಬಂದು ಹೇಳುತ್ತೇನೆ."

ಬಾಗಿಲು ಮುಚ್ಚಿದ ಮೇಲೆ ಬಾರ್ಬ್ರ ಕುರ್ಚಿಯಲ್ಲಿ ಕುಸಿದಳು. "ಹೋಯ್ತು ಬಿಡು," ಅಂದಳು ಮೆಲ್ಲಗೆ. "ಮೂವತ್ತು ವರ್ಷದ ಗಲಾಟೆ ಇದ್ದ ಮನೆ. ಇನ್ನು ಗಡಿಯಾರದ್ದೇ ಸದ್ದು."

ಫಿಂಟನ್‌ಗೆ ನಿಲ್ಲಲಾಗಲಿಲ್ಲ. ಅವಳ ಮುಖವೂ ನೋಡಲಾಗದು, ಒಳಗಿನ ಮಾತೂ ತಡೆಯಲಾಗದು. ಕುದಿಯುವ ಕೆಟಲಿನ ಮುಚ್ಚಳದಂತೆ ನಡುಗುತ್ತ, ಹಿಂಬಾಗಿಲಿನಿಂದ ಕುಂಟಿಕೊಂಡು, ಕಲ್ಲುಗೋಡೆ ದಾಟಿ, ದೋಣಿ ಇಡುವ ಕೊಟ್ಟಿಗೆಯ ಹಿಂದಕ್ಕೆ ಓಡಿದ. ಅತ್ತ ಇತ್ತ ನೋಡಿದ. ಯಾರೂ ಇಲ್ಲ. ಉಸಿರು ತುಂಬಿಕೊಂಡ. ಬಾಯಿ ತೆರೆದ.

ಮಾತು ಕೇಳಿಸಿತು.

ಫಿಂಟನ್ ಬೆಚ್ಚಿದ. ಅವನಿನ್ನೂ ಹೇಳಿರಲಿಲ್ಲ! ಪ್ರತಿಧ್ವನಿ ಮೊದಲು ಬಂದು ಮಾತು ಆಮೇಲೆ ಬರುವುದುಂಟೇ? ಅಷ್ಟರಲ್ಲಿ ಇನ್ನೊಮ್ಮೆ ಅದೇ ಮಾತು, ಹಿಂದೆಯೇ ಅದರ ಅಣ್ಣತಮ್ಮಂದಿರು, ಸೋದರ ಸಂಬಂಧಿಗಳು, ದಿಬ್ಬಣದ ಹಾಗೆ ಸಾಲಾಗಿ. ಎಲ್ಲ ಶುದ್ಧ ಇಂಗ್ಲಿಷು. ಅದೂ ಡಬ್ಲಿನ್ನಿನ ಇಂಗ್ಲಿಷು, ಅವನು ಹುಟ್ಟಿದ ಬೀದಿಯಿಂದ ಎರಡೇ ಬೀದಿ ಆಚೆಯ ಉಚ್ಚಾರ.

ಇಣುಕಿ ನೋಡಿದ. ಕೊಟ್ಟಿಗೆಯ ಆಚೆ ಬದಿಯಲ್ಲಿ ಮುರಿನ್ ಮೇಡಂ ಒಂದೇ ಕಾಲಿನಲ್ಲಿ ನಿಂತಿದ್ದಳು. ಒಂದು ಬೂಟು ಕೆಸರಲ್ಲಿತ್ತು. ಬೂಟಿಲ್ಲದ ಕಾಲಿನ ಬೆರಳು ಬಿಷಪ್‌ನ ಕೊಕ್ಕಿನಲ್ಲಿತ್ತು.

ಫಿಂಟನ್ ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟನ್ನು ಹಿಡಿದು ಹೆಬ್ಬಾತನ್ನು ಓಡಿಸಿದ. ಮೇಡಂ ತಿರುಗಿ ನೋಡಿದಳು. ಮುಖದ ಕೆಂಪು ಇಳಿಯಿತು, ಬಿಳುಪು ಬಂತು. ಬೂಟು ಹಾಕಿಕೊಂಡು, ಕೋಟಿನ ಗುಂಡಿ ಸರಿಮಾಡಿ, ಗಂಟಲು ಸರಿಮಾಡಿ, ತಿಳಿಯಾದ ಐರಿಷಿನಲ್ಲಿ ಕೇಳಿದಳು:

"ಕೇಳಿಸಿತೇ?"

ಫಿಂಟನ್‌ನ ತಲೆಯಲ್ಲಿ ಗಂಟೆ ಬಾರಿಸಿದಂತಾಯಿತು. ಇದಕ್ಕಿಂತ ದೊಡ್ಡ ಅಸ್ತ್ರ ಇನ್ನೇನು ಬೇಕು! ಈಗಲೇ ಓಡಿಹೋಗಿ ಇಡೀ ಊರಿಗೆ ಹೇಳಿಬಿಡಬಹುದು. ಆದರೆ ಯಾವ ಭಾಷೆಯಲ್ಲಿ? ಮೇಡಂ ಇಂಗ್ಲಿಷ್ ಆಡಿದಳು ಎಂದು ಇಂಗ್ಲಿಷಿನಲ್ಲಿ ದೂರು ಕೊಡುವುದೇ? ಈಗ ಅವಳಿಗೆ ಉತ್ತರ ಕೊಡಬೇಕೆಂದರೂ ಕೇಳಿಸಿತು ಅನ್ನಬೇಕು, ಇಲ್ಲವೇ ಕೇಳಿಸಲಿಲ್ಲ ಅನ್ನಬೇಕು. ಎರಡೂ ಅವನಿಗೆ ಬಾರದು. ಬಾಯಿ ಮಾತ್ರ ಆಗಲೇ ತೆರೆದಿತ್ತು. ಮೇಡಂ ಕಾಯುತ್ತಿದ್ದಳು. ಹದಿನಾಲ್ಕು ವರ್ಷದ ಪಾತಾಳದಿಂದ ಅದು ತಾನಾಗಿಯೇ ಮೇಲೆದ್ದು ಬಂತು:

"ಮೇಷ್ಟ್ರೇ, ಶೌಚಾಲಯಕ್ಕೆ ಹೋಗಲು ನನಗೆ ಅಪ್ಪಣೆ ಇದೆಯೇ?"

ಅಲೆ ಬಂತು, ಹೋಯಿತು. ಮೇಡಂ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಲ್ಲ ಅರ್ಥವಾದವಳ ನೋಟ ಅದು.

"ಇದೆ," ಅಂದಳು.

ಹತ್ತು ನಿಮಿಷದ ಮೇಲೆ ಮೇಡಂ ಅಡುಗೆಮನೆಗೆ ಬಂದಾಗ ನೂಲಾ ಕೂಡ ಅಲ್ಲಿದ್ದಳು, ಬೆಳಗ್ಗೆ ಬಿಟ್ಟುಹೋಗಿದ್ದ ಕೇಕಿನ ತಟ್ಟೆಯ ನೆಪದಲ್ಲಿ.

"ಪರೀಕ್ಷೆ ಪೂರ್ತಿಯಾಯಿತು," ಅಂದಳು ಮೇಡಂ. "ನಿಮ್ಮ ಯಜಮಾನರು ನನ್ನ ಹತ್ತಿರ ಒಂದು ವಾಕ್ಯ ಮಾತಾಡಿದರು. ತಪ್ಪಿಲ್ಲದ ಐರಿಷಿನಲ್ಲಿ. ಅಪ್ಪಣೆ ಕೇಳುವ ಗಂಡನನ್ನು ಈ ಸುತ್ತಿನಲ್ಲಿ ನಾನು ಕಂಡದ್ದು ಇದೇ ಮೊದಲು. ಮೂರು ತಂಡ, ತಂಡಕ್ಕೆ ಆರು ಹುಡುಗಿಯರು, ಮೂರು ಮೂರು ವಾರ."

ಬಾರ್ಬ್ರ ಇನ್ನೊಂದು ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಹಚ್ಚಿ ಮೇಡಂ ಮುಂದಿಟ್ಟಳು.

"ನಮ್ಮ ಮನೆ ನೋಡಲೇ ಇಲ್ಲವಲ್ಲ ಮೇಡಂ!" ಅಂದಳು ನೂಲಾ.

"ನಿಮ್ಮ ಹೆಬ್ಬಾತನ್ನು ನೋಡಿದೆ." ಮೇಡಂ ಚೀಲ ಎತ್ತಿಕೊಂಡು ಫಿಂಟನ್ ಕಡೆ ತಿರುಗಿದಳು. "ಒಂದು ಮಾತು. ಈ ಗಂಟಲು ಇನ್ನೂ ಸರಿಯಾಗಿಲ್ಲ. ಆಗಸ್ಟ್ ಮುಗಿಯುವ ತನಕ ಇವರಿಂದ ಒಂದು ಸೊಲ್ಲೂ ಆಡಿಸಬೇಡಿ. ಒಂದು ಸೊಲ್ಲು ಹೊರಬಿದ್ದರೂ ಅಪಾಯ."

"ನಾನಿದ್ದೀನಲ್ಲ!" ಅಂದಳು ನೂಲಾ, ಹೊಸ ಬೆಳಕು ಕಂಡವಳಂತೆ. "ದಿನಾ ಬೆಳಗ್ಗೆ ಬಿಸಿ ಆಲೂಗಡ್ಡೆ ನಾನೇ ತಂದು ಕಟ್ತೀನಿ. ಒಂಬತ್ತು ವಾರವೂ."

"ಒಳ್ಳೆಯದು," ಅಂದಳು ಮೇಡಂ, ಕುಂಟುವುದು ಕಾಣದಂತೆ ಹೊರಗೆ ನಡೆದಳು.

ಆ ಸಂಜೆ ಬಾರ್ಬ್ರ ಮಹಡಿಯ ಕಿಟಕಿಗಳನ್ನೆಲ್ಲ ತೆರೆದು, ಹಾಡು ಹೇಳುತ್ತ ಕಂಬಳಿ ಕೊಡವಿದಳು. ಎರಡು ವರ್ಷದ ಧೂಳು ಕಡಲಿನ ಕಡೆ ಹಾರಿತು. ಫಿಂಟನ್ ನಲ್ಲಿಯ ಕೆಳಗೆ ಕೂತು ತಿರುಪು ಬಿಗಿಯುತ್ತಿದ್ದ.

"ಹೇಳು, ಅಲ್ಲಿ ಹೊರಗೆ ಏನು ನಡೀತು?" ಅಂದಳು, ಐರಿಷಿನಲ್ಲೇ. "ಏನು ಹೇಳಿ ಅವಳನ್ನು ಒಲಿಸಿಕೊಂಡೆ?"

ಅವನು ತಿರುಗಿ ನೋಡಿದ. ಅಮ್ಮನ ಏಪ್ರನ್ನು, ಕೆದರಿದ ಕೂದಲು, ಮುಖದ ತುಂಬ ನಗು. ಎಲ್ಲವನ್ನೂ ಹೇಳಿಬಿಡೋಣ ಎಂದು ಬಾಯಿ ತೆರೆದ. ಬಾರ್ಬ್ರ ಓಡಿಬಂದು ಅವನ ತುಟಿಯ ಮೇಲೆ ಬೆರಳಿಟ್ಟಳು.

"ಗಂಟಲು!"

ಟಪ್, ಅಂದಿತು ನಲ್ಲಿ.

ಫಿಂಟನ್ ಬಾಯಿ ಮುಚ್ಚಿದ. ನಡೆದದ್ದನ್ನು ಯಾರಿಗೂ ಹೇಳಬಾರದೆಂದು ಅಲ್ಲೇ ನಿಶ್ಚಯಿಸಿದ. ಐರಿಷಿನಲ್ಲಿ ಹೇಳಬೇಕೆಂದರೂ ಅವನ ಹತ್ತಿರ ಇದ್ದದ್ದು ಒಂದೇ ವಾಕ್ಯ, ಅದಕ್ಕೂ ಅಪ್ಪಣೆ ಸಿಕ್ಕಿಯಾಗಿತ್ತು.