ಗಾಳಿಯಲ್ಲಿ ಮೂರು ಪರದೆ

ಮಗಳು ಅನಘಾ ಕಾಲೇಜಿಗೆಂದು ಆಸ್ಟಿನ್‌ಗೆ ಹೊರಡುವ ತಿಂಗಳು ನಾನೊಂದು ಮಹಾತ್ಯಾಗ ಮಾಡಿದೆ. ಕೇಟಿ ಎಂಬ ಊರಿನ ನಮ್ಮ ಮನೆಯಲ್ಲಿ ಅವಳ ಸಾಮಾನು ಜೋಡಿಸಲು ಹೆಂಡತಿ ಸುಧಾಗೆ ದೊಡ್ಡ ಮೇಜು ಬೇಕಿತ್ತು. ಅದರ ಮೇಲೆ ನನ್ನ ಆಫೀಸಿನ ಮೂರು ಮಾನಿಟರ್‌ಗಳಿದ್ದವು. ಮೂರನ್ನೂ ಗರಾಜಿಗೆ ಸಾಗಿಸಿ ಒಂದು ವಿಆರ್ ಹೆಡ್‌ಸೆಟ್ ತರಿಸಿದೆ. ಕಣ್ಣಿಗೆ ಕಟ್ಟಿಕೊಂಡರೆ ಸಾಕು, ಗಾಳಿಯಲ್ಲೇ ಮೂರು ಪರದೆ!

"ಇನ್ಮೇಲೆ ನನಗೆ ಒಂದು ಕುರ್ಚಿ, ತೊಡೆ ಮೇಲೊಂದು ಕೀಬೋರ್ಡ್ ಇದ್ರೆ ಆಯ್ತು" ಎಂದು ಘೋಷಿಸಿದೆ.

"ನಾವು ಕಾಣಿಸ್ತೀವಾ?" ಎಂದಳು ಸುಧಾ.

"ಬೇಕಾದ್ರೆ ಕಾಣೋ ಹಾಗೆ ಮಾಡ್ಕೋಬಹುದು. ಆದ್ರೆ ಗಮನ ಹಾಳಾಗತ್ತೆ."

ಗಮನ ಬಹಳ ಚೆನ್ನಾಗಿತ್ತು. ಮೊದಲ ದಿನ ಕಾಫಿ ಲೋಟವೆಂದು ಕೈಯಿಟ್ಟದ್ದು ಚಟ್ನಿಗೆ. ಎರಡನೆಯ ದಿನ ಪರದೆಯನ್ನು ಬಲಕ್ಕೆ ಸರಿಸಲು ತೋಳು ಬೀಸಿ, ಸುಧಾ ಮಡಚಿಟ್ಟಿದ್ದ ಬಟ್ಟೆಯನ್ನೆಲ್ಲ ನೆಲಕ್ಕೆ ಕೆಡವಿದೆ. ಮೀಟಿಂಗಿನಲ್ಲಿ ಮ್ಯಾನೇಜರ್‌ಗೆ ನನ್ನ ಬದಲು ಹೆಡ್‌ಸೆಟ್ ತೋರಿಸುವ, ಸೊಂಟದ ಕೆಳಗೆ ಏನೂ ಇಲ್ಲದ ಒಂದು ಗೊಂಬೆ ಕಾಣುತ್ತಿತ್ತು. ಈಚೆಗೆ ಲವಲವಿಕೆಯಿಂದಿದ್ದೀರಿ ಎಂದು ಅವರು ಹೊಗಳಿದರು. ಇದ್ದ ತೊಂದರೆ ಒಂದೇ. ಬೆಳಿಗ್ಗೆ ಒಂಬತ್ತಕ್ಕೆ ಕಸ ಗುಡಿಸುವ ರೋಬೋ ಬಂದು ಪಾದಕ್ಕೆ ತಾಗುತ್ತಿತ್ತು. ಕಾಲಲ್ಲಿ ತಳ್ಳಿ "ಹೋಗು ಆ ಕಡೆ" ಎಂದರೆ ಹೋಗುತ್ತಿತ್ತು. ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದುದು ಅದೊಂದೇ.

ಹೊರಡುವ ದಿನ ಬಂತು. ನಾನು ರಜೆ ಕೇಳಿರಲಿಲ್ಲ. ಪಕ್ಕದೂರು ಸೈಪ್ರೆಸ್‌ನಲ್ಲಿರುವ ಗೆಳತಿಯ ಮನೆಯವರು ಹತ್ತು ಗಂಟೆಗೆ ವ್ಯಾನ್ ತಂದು ಅನಘಾಳನ್ನೂ ಕರೆದೊಯ್ಯುವುದೆಂದು ಮಾತಾಗಿತ್ತು. ಅಷ್ಟರೊಳಗೆ ಒಂದು ಮೀಟಿಂಗ್ ಮುಗಿಸಿಬಿಡೋಣವೆಂದು ಕಣ್ಣು ಕಿವಿ ಎರಡನ್ನೂ ಮುಚ್ಚಿಕೊಂಡು ಕೂತೆ. ಸರಿಯಾಗಿ ಒಂಬತ್ತಕ್ಕೆ ಪಾದಕ್ಕೆ ಏನೋ ತಾಗಿತು. ಕಾಲಲ್ಲಿ ತಳ್ಳಿ "ಹೋಗು ಆ ಕಡೆ" ಎಂದೆ. ಹೋಯಿತು.

ಮೀಟಿಂಗ್ ಮುಗಿಸಿ ಹೆಡ್‌ಸೆಟ್ ತೆಗೆದಾಗ ಮೇಜು ಖಾಲಿಯಾಗಿತ್ತು. ಸುಧಾ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಅನಘಾ ರೆಡಿ ಆದ್ಲಾ?"

"ಹೋದ್ಲು. ವ್ಯಾನ್ ಬೇಗ ಬಂತು. ಅಪ್ಪನ ಕಾಲಿಗೆ ನಮಸ್ಕಾರ ಮಾಡಿ ಬಾ ಅಂದೆ. ಬಗ್ಗಿದ ಮಗೂನ ಒದ್ದು ಕಳಿಸಿದ್ರಲ್ಲ."

"ಅದು ರೋಬೋ ಅಲ್ವಾ?"

"ನೆಲದ ತುಂಬ ಬ್ಯಾಗಿದ್ವು. ಇವತ್ತು ರೋಬೋ ಹಾಕೇ ಇರ್ಲಿಲ್ಲ ರೀ."

ಮನೆಯಿಂದ ಹೊರಡುವವರಿಗೆ ನಾವು ಹೋಗು ಎನ್ನುವುದಿಲ್ಲ, ಹೋಗಿ ಬಾ ಎನ್ನುತ್ತೇವೆ. ಹಾಲು ತರಲು ಹೋಗುವವರಿಗೂ ಅಷ್ಟೇ. ಇದನ್ನು ಅವಳಿಗೆ ಚಿಕ್ಕಂದಿನಿಂದ ಹೇಳಿಕೊಟ್ಟವನು ನಾನೇ.

ಹೆಡ್‌ಸೆಟ್ ಕೈಯಲ್ಲಿ ಹಿಡಿದೇ ಬರಿಗಾಲಲ್ಲಿ ಬೀದಿಗೆ ಓಡಿದೆ. ಬೀದಿ ಖಾಲಿ. ಫೋನ್ ಮಾಡಿದೆ.

"ಪುಟ್ಟಿ, ಹೋಗಿ ಬಾ" ಎಂದೆ.

"ಇಟ್ಸ್ ಓಕೆ, ಅಪ್ಪಾ. ಯೂ ವರ್ ವರ್ಕಿಂಗ್" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರು ಮಾನಿಟರ್‌ಗಳೂ ಈಗ ಮೇಜಿಗೆ ಮರಳಿವೆ. ಅವುಗಳ ಆಚೆ ಮನೆಯೆಲ್ಲ ಸ್ಪಷ್ಟವಾಗಿ ಕಾಣುತ್ತದೆ, ಅವಳಿಲ್ಲದ ಕೋಣೆಯೂ. ಒಂಬತ್ತಕ್ಕೆ ರೋಬೋ ಬಂದು ಪಾದಕ್ಕೆ ತಾಗುತ್ತದೆ. ನಾನು ಬಗ್ಗಿ, ಅದರ ತಲೆ ಮುಟ್ಟಿ, "ಹೋಗಿ ಬಾ ಪುಟ್ಟಿ" ಎನ್ನುತ್ತೇನೆ. ಅದು ನೇರ ಸೋಫಾದ ಅಡಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕರೆತರಲು ನಾನೇ ಮಂಡಿಯೂರಬೇಕು.