ಗರಿಗರಿಯಪ್ಪನವರು ಬ್ರೆಡ್ಡಿಗೆ ಹಬೆ ಕೊಟ್ಟದ್ದು

"ಅಂಗಿ ಗರಿಗರಿ ಮಾಡೋನಿಗೆ ಬ್ರೆಡ್ಡು ಗರಿಗರಿ ಮಾಡೋದು ಯಾವ ಮಹಾ ವಿದ್ಯೆ?"

ಭಾನುವಾರ ಬೆಳಿಗ್ಗೆ ಅಡುಗೆಮನೆಯ ನಡುವೆ ನಿಂತು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಹೀಗೆ ಗುಡುಗಿದವರು ಗರಿಗರಿಯಪ್ಪ. ಅದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಬೀದಿಯ ತಿರುವಿನಲ್ಲಿ ಅವರದೊಂದು ಲಾಂಡ್ರಿ. ಮುದುಡಿ ಮುದ್ದೆಯಾದ ಕೋಟು ಅವರ ಕೈಗೆ ಹೋದರೆ, ಒಳಗೆ ಮನುಷ್ಯನಿಲ್ಲದಿದ್ದರೂ ತಾನೇ ಎದ್ದು ನಡೆಯುವಷ್ಟು ಗತ್ತಿನಿಂದ ಹೊರಬರುತ್ತಿತ್ತು. ಹೆಂಡತಿ ಅದೇ ಅಂಗಡಿಯ ಕೌಂಟರಿನಲ್ಲಿ ಕೂತು ಬಟ್ಟೆಗಳಿಗೆ ಚೀಟಿ ಚುಚ್ಚುತ್ತಿದ್ದರು. ಗಂಡನಿಗೆ ಮಾತು ಚುಚ್ಚುವುದು ಬಿಡುವಿನ ವೇಳೆಯ ಕೆಲಸ.

ಈ ಗುಡುಗಿಗೆ ಮೂಲ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ. ಹಿಂದಿನ ಭಾನುವಾರ ಆತ ತನ್ನ ಮನೆಯ ಊಟದಲ್ಲಿ ಸ್ವಂತ ಕೈಯಿಂದ ಮಾಡಿದ ಬ್ರೆಡ್ಡು ಬಡಿಸಿದ್ದ. ಹೊಳೆಯುವ ಕಂದು ಸಿಪ್ಪೆ, ಚಾಕು ಇಟ್ಟರೆ ಒಣಗಿದೆಲೆ ತುಳಿದ ಸದ್ದು! ಅತ್ತೆ ಒಂದು ತುಂಡನ್ನು ಕರಕರ ಅಗಿದು, "ಅಳಿಯ ಅಂದ್ರೆ ಹೀಗಿರಬೇಕು!" ಎಂದರು. ಹೇಳಿದ್ದು ಚಿಕ್ಕ ಅಳಿಯನಿಗೆ, ನೋಡಿದ್ದು ದೊಡ್ಡ ಅಳಿಯನನ್ನು! ಆ ಒಂದು ನೋಟಕ್ಕೆ ಗರಿಗರಿಯಪ್ಪನವರ ಗರಿಯೆಲ್ಲ ಉದುರಿಹೋಯಿತು. ಅಲ್ಲೇ ಎದ್ದು ನಿಂತು ಘೋಷಿಸಿಬಿಟ್ಟರು: "ಮುಂದಿನ ವಾರ ಎಲ್ರೂ ನಮ್ಮನೆಗೆ! ಬ್ರೆಡ್ಡು ನಂದು!"

ಈಗ ಹಿಟ್ಟೇನೋ ಚೆನ್ನಾಗಿ ಹುದುಗಿ, ಉರುಟಾಗಿ, ಒಲೆಗೆ ಸಿದ್ಧವಾಗಿ ಕೂತಿತ್ತು. ಹೆಂಡತಿ ಬಾಯಿ ತೆರೆದರು.

"ತಂಗಿ ಫೋನಲ್ಲಿ ಹೇಳಿದ್ಲು. ಓವನ್ನಿನ ಕೆಳಗಡೆ ಒಂದು ಖಾಲಿ ತಟ್ಟೆ ಇಟ್ಟು ಚೆನ್ನಾಗಿ ಕಾಯಿಸಬೇಕಂತೆ. ಹಿಟ್ಟು ಒಳಗಿಟ್ಟ ತಕ್ಷಣ ಆ ತಟ್ಟೆಗೆ ಒಂದು ಹಿಡಿ ಐಸು ಹಾಕಿ ಬಾಗಿಲು ಮುಚ್ಚಬೇಕಂತೆ. ಆ ಹಬೇಲಿ ಸಿಪ್ಪೆ ಬೇಗ ಬಿಗಿಯದೆ ಬ್ರೆಡ್ಡು ಉಬ್ಬುತ್ತಂತೆ, ಆಮೇಲೆ ಗರಿಗರಿ ಆಗುತ್ತಂತೆ."

"ಒಂದು ಹಿಡಿ ಐಸಾ? ಅದು ಹಬೆ ಅಲ್ಲ ಕಣೆ, ನಿಟ್ಟುಸಿರು! ಜೀವಮಾನವೆಲ್ಲ ಹಬೇಲೇ ಬೆಂದೋನಿಗೆ ಐಸಿನ ಪಾಠ ಹೇಳ್ತೀಯಾ?"

"ಬಟ್ಟೆ ಬೇರೆ, ಬ್ರೆಡ್ಡು ಬೇರೆ."

"ಯಾವುದಾದ್ರೇನು, ಹಬೆ ಕೊಟ್ರೆ ಸುಕ್ಕು ಹೋಗ್ಲೇಬೇಕು!"

"ಬ್ರೆಡ್ಡಿಗೆಲ್ರೀ ಸುಕ್ಕು?"

ಉತ್ತರ ಕೊಡಲು ಗರಿಗರಿಯಪ್ಪ ಅಲ್ಲಿರಲಿಲ್ಲ. ಮೆಟ್ಟಿಲಿಳಿದು ಅಂಗಡಿಗೆ ಓಡಿ, ಕೋಟುಗಳಿಗೆ ಹಬೆ ಹಿಡಿಯುವ ಯಂತ್ರವನ್ನು ಹೆಗಲ ಮೇಲೆ ಹೊತ್ತು, ಕೋಟೆ ಗೆದ್ದ ದೊರೆಯಂತೆ ಹಿಂದಿರುಗಿದರು. ಕೆಳಗೆ ನೀರಿನ ಡಬ್ಬ, ಅದಕ್ಕೊಂದು ಉದ್ದನೆಯ ಕೊಳವೆ, ಕೊಳವೆಯ ತುದಿಗೆ ಅಂಗೈಯಗಲದ ಮೂತಿ. ಹಿಟ್ಟನ್ನು ಓವನ್ನಿನೊಳಗಿಟ್ಟರು. ಬಾಗಿಲ ಸಂದಿಗೆ ಮೂತಿ ತುರುಕಿದರು. ಬಾಗಿಲು ಮುಚ್ಚಲಿಲ್ಲ. ಉಳಿದ ಸಂದಿಗೆಲ್ಲ ಒದ್ದೆ ಟವೆಲು ಗಿಡಿದು, ಸ್ವಿಚ್ ಒತ್ತಿದರು.

ಯಂತ್ರ ಗೊರಗೊರ ಎಂದಿತು. ಬುಸ್ ಎಂದಿತು. ಟವೆಲು ಹಾರಿ ಅವರ ಮುಖಕ್ಕೇ ಬಂದು ಬಡಿಯಿತು!

ಹಬೆ ಹಬ್ಬಿತು. ಕಿಟಕಿಯ ಗಾಜು ಮಾಯವಾಯಿತು, ಗೋಡೆಯ ಗಡಿಯಾರ ಮಾಯವಾಯಿತು, ಕೊನೆಗೆ ಹೆಂಡತಿಯೂ ಮಾಯವಾದರು. ದನಿ ಮಾತ್ರ ಉಳಿಯಿತು.

"ಎಲ್ಲಿದ್ದೀರಿ?"

"ಇಲ್ಲೇ, ಓವನ್ ಹತ್ರ."

"ಓವನ್ ಎಲ್ಲಿದೆ?"

"ಅದನ್ನೇ ಹುಡುಕ್ತಿದ್ದೀನಿ!"

ಹೆಂಡತಿ ತಡವರಿಸುತ್ತಾ ಹೋಗಿ ಕಿಟಕಿ ತೆರೆದರು. ಬಿಳಿ ಮೋಡವೊಂದು ಬೀದಿಗೆ ಧುಮುಕಿತು. ಎದುರುಮನೆಯಾಕೆ ಕಿರುಚಿದರು: "ಅಯ್ಯೋ, ಬೆಂಕಿನಾ?"

"ಬೆಂಕಿ ಅಲ್ಲ, ಬ್ರೆಡ್ಡು!"

"ಬ್ರೆಡ್ಡಿಗೆ ಬೆಂಕಿ ಬಿತ್ತಾ?"

"ಬಿದ್ದಿದ್ರೆ ಬೆಂದಾದ್ರೂ ಇರ್ತಿತ್ತು!"

ಅಷ್ಟರಲ್ಲಿ ಕರೆಗಂಟೆ. ಷಡ್ಡಕ, ನಾದಿನಿ, ಹಿಂದೆ ಅತ್ತೆ! ಅತ್ತೆಗೆ ವಾರವಿಡೀ ನೆಗಡಿ. ಮೂಗಿನ ಎರಡೂ ಹೊಳ್ಳೆಗಳಿಗೆ ಬೀಗ ಬಿದ್ದಿತ್ತು. ಹೊಸ್ತಿಲಲ್ಲೇ ನಿಂತು, "ಏದಿದು, ಬದೆ ತುಂಬ ಬೋಡ?" ಎಂದರು. ಮನೆ ತುಂಬ ಮೋಡ ಎಂದು ಬಿಡಿಸಿ ಹೇಳಲು ನಾದಿನಿ ಬೇಕಾಯಿತು.

ಷಡ್ಡಕ ಮಂಜು ಕವಿದ ಕನ್ನಡಕ ತೆಗೆದು, ಮೂತಿಯನ್ನು ಪಕ್ಕಕ್ಕಿಟ್ಟು, ಬ್ರೆಡ್ಡನ್ನು ಹೊರಗೆ ತಂದು ನಡುಮನೆಯ ಮೇಜಿನ ಮೇಲಿಟ್ಟ. ಎಲ್ಲರೂ ಸುತ್ತ ನಿಂತರು. ಮಳೆಯಲ್ಲಿ ನೆನೆದ ದಿಂಬಿನಂತೆ ಅದು ಬಿಳಿಚಿಕೊಂಡು ಮಲಗಿತ್ತು. ಸದ್ದು ಕೇಳಲೆಂದು ಷಡ್ಡಕ ಬೆರಳಿನಿಂದ ಬಡಿದ. ಸದ್ದು ಬರಲಿಲ್ಲ, ಬೆರಳೂ ಬರಲಿಲ್ಲ!

"ಭಾವ, ಬಾಗಿಲು ತೆರೆದಿಟ್ರೆ ಬಿಸಿಯೆಲ್ಲ ಹೊರಗೆ ಹೋಗುತ್ತೆ," ಎಂದ ಆತ ಬೆರಳು ಬಿಡಿಸಿಕೊಳ್ಳುತ್ತಾ, ಪಾಪ, ಮೆತ್ತಗೇ. "ಹಬೆ ಬೇಕಾಗೋದು ಶುರುವಿಗೆ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಒಣ ಶಾಖ ಬೇಕು."

ಒಲೆಯ ಒಳಗಿದ್ದದ್ದು ಬೇಯಲಿಲ್ಲ, ಹೊರಗಿದ್ದವರು ಬೆಂದುಹೋದರು. ಗರಿಗರಿಯಪ್ಪನವರ ಅಂಗಿ ಮೈಗಂಟಿತ್ತು. ಹೆಂಡತಿಗೆ ಗಂಡನ ಮೋರೆ ನೋಡಿ ಅಯ್ಯೋ ಅನ್ನಿಸಿತೇನೋ, ಒಳ್ಳೆಯ ಮಾತೊಂದನ್ನು ಹುಡುಕಿ ಹೇಳಿದರು: "ಹೋಗ್ಲಿ ಬಿಡಿ, ಅಡುಗೆಮನೆ ಪರದೆಗಳ ಸುಕ್ಕು ಮಾತ್ರ ಪೂರ್ತಿ ಹೋಗಿದೆ!"

"ಅಮ್ಮ ಎಲ್ಲಿ?" ಎಂದಳು ನಾದಿನಿ.

ಅಡುಗೆಮನೆಯಿಂದ ಇನ್ನೂ ಗೊರಗೊರ ಕೇಳುತ್ತಿತ್ತು. ಎಲ್ಲರೂ ಓಡಿದರು. ಅತ್ತೆ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ತಲೆಯ ಮೇಲೆ ಗರಿಗರಿಯಪ್ಪನವರ ಒದ್ದೆ ಟವೆಲು. ಮುಂದೆ ಮೊಳದಷ್ಟು ದೂರದಲ್ಲಿ ಯಂತ್ರದ ಮೂತಿ ಬುಸುಗುಡುತ್ತಿತ್ತು. ಅವರು ಟವೆಲು ಸರಿಸಿದಾಗ ನೋಡಿದರೆ, ಬ್ರೆಡ್ಡಿಗೆ ಬರಬೇಕಿದ್ದ ಬಣ್ಣವೆಲ್ಲ ಅತ್ತೆಯ ಮುಖಕ್ಕೆ ಬಂದಿತ್ತು!

"ದೊಡ್ಡ ಅಳಿಯಂದಿರೇ!" ಎಂದರು. ದನಿ ಗಂಟೆಯಂತೆ ಮೊಳಗಿತು. "ಮೂಗು ಬಿಡ್ತು! ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು. ಯಾರ ಕೈಲೂ ಆಗದ್ದು ನಿಮ್ಮ ಕೈಲಿ ಆಯ್ತು ನೋಡಿ!"

ಬ್ರೆಡ್ಡು ಉಬ್ಬದಿದ್ದರೇನು, ಗರಿಗರಿಯಪ್ಪನವರ ಎದೆ ಉಬ್ಬಿತು. ಷಡ್ಡಕನ ಕಡೆಗೊಮ್ಮೆ ಓರೆನೋಟ ಬೀರಿ, ದೊಡ್ಡ ಮನಸ್ಸಿನಿಂದ ಕೈ ಬೀಸಿದರು. ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿದ್ದು ಅವರಿಗೆ ತಿಳಿಯಲೇ ಇಲ್ಲ.

"ಇದೇನು ಮಹಾ, ಅತ್ತೆ! ನಿಮಗೋಸ್ಕರ ದಿನಾ ಬೇಕಾದ್ರೂ ಮಾಡ್ತೀನಿ!"

"ಹಾಗಾದ್ರೆ ಸರಿ," ಎಂದು ಅತ್ತೆ ಟವೆಲನ್ನು ಮತ್ತೆ ತಲೆಯ ಮೇಲೆಳೆದುಕೊಂಡರು. "ಬಿಟ್ಟಿರೋದು ಒಂದೇ ಹೊಳ್ಳೆ. ಚಿಕ್ಕ ಅಳಿಯಂದಿರೇ, ಮನೆಗೆ ಹೋಗಿ ನನ್ನ ಬಟ್ಟೆ ಪೆಟ್ಟಿಗೆ ತಂದುಬಿಡಿ. ಇನ್ನೊಂದು ಬಿಡೋವರೆಗೂ ನಾನು ಇಲ್ಲೇ!"